ಈಫ್ರಮ್ ಅಜ್ಜಿಯ ಬದುಕನ್ನು ಬರೆದಿಟ್ಟದ್ದು

ನನ್ನ ಗಂಡನ ಅಜ್ಜಿ ಹುಟ್ಟಿದ್ದು 1927ರಲ್ಲಿ, ಅಮೆರಿಕದ ಯೂಟಾ ರಾಜ್ಯದ ಈಫ್ರಮ್ ಎಂಬ ಸಣ್ಣ ಊರಿನಲ್ಲಿ. ಸಾಲ್ಟ್ ಲೇಕ್ ಸಿಟಿಯಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಸ್ಯಾನ್‌ಪೀಟ್ ಕಣಿವೆ ಸಿಗುತ್ತದೆ. ಎರಡೂ ಕಡೆ ಬೆಟ್ಟ, ನಡುವೆ ಹೊಲ ಹುಲ್ಲುಗಾವಲು, ಉದ್ದಕ್ಕೂ ಪುಟ್ಟ ಪುಟ್ಟ ಊರುಗಳು. ಅಜ್ಜಿಯ ಅಪ್ಪನ ಕಡೆಯವರು, ಅಮ್ಮನ ಕಡೆಯವರು ಎಲ್ಲರೂ ಮಾರ್ಮನ್ ಎಂಬ ಕ್ರೈಸ್ತ ಪಂಥದ ಪಯನಿಯರ್‌ಗಳು. ಅಂದರೆ ರೈಲು ಬರುವ ಮುಂಚೆ, ತಮ್ಮ ಧರ್ಮಕ್ಕೋಸ್ಕರ ಊರು ಬಿಟ್ಟು, ಬಯಲು ಬೆಟ್ಟ ದಾಟಿ ಬಂದವರು.

ಮಕ್ಕಳು ಮೊಮ್ಮಕ್ಕಳು ಬೇಕಾದಷ್ಟು ಜನ ಇದ್ದರು. ಆದರೂ ಕೂತು ಅವರ ಬದುಕನ್ನು ಬರೆದುಕೊಳ್ಳುವ ಕೆಲಸ ಕನಕಪುರದ ಕಡೆಯಿಂದ ಬಂದ ನನ್ನ ಪಾಲಿಗೆ ಬಂತು. 2018ರ ಏಪ್ರಿಲ್‌ನಲ್ಲಿ ಅವರ ಚರ್ಚಿನ ಮುಖ್ಯಸ್ಥರು ಬೆಂಗಳೂರಿನಲ್ಲಿ ಒಂದು ದೇವಾಲಯ ಕಟ್ಟುತ್ತೇವೆ ಎಂದು ಘೋಷಿಸಿದರು. ಭಾರತದಲ್ಲಿ ಅದೇ ಮೊದಲನೆಯದು. ಅಜ್ಜಿ ಟೀವಿಯಲ್ಲಿ ಕೇಳಿದವರೇ ನನಗೆ ಫೋನ್ ಮಾಡಿದರು. "ನಿಮ್ಮ ಹಳ್ಳಿಗೆ ಅದು ಎಷ್ಟು ದೂರ? ನಿಮ್ಮ ಅಜ್ಜಿ ಅಲ್ಲಿ ಏನು ಬೆಳೀತಿದ್ದರು?" ಅಂತ ಒಂದರ ಹಿಂದೆ ಒಂದು ಪ್ರಶ್ನೆ. ನಾನು ಹೇಳಿದೆ. ಆಮೇಲೆ ನಾನೂ ಕೇಳಿದೆ. "ಇವರಿಗೆಲ್ಲ ನನ್ನ ಕಥೆ ಗೊತ್ತು ಅಂತ ಅಂದ್ಕೊಂಡಿದ್ದಾರೆ. ನಿನಗೆ ಏನೂ ಗೊತ್ತಿಲ್ಲ. ನಿನಗೆ ಹೇಳೋದೇ ಸುಲಭ" ಅಂದರು. ನಾನು ಅವರ ಧರ್ಮದವಳಲ್ಲ. ಅದು ಅವರಿಗೆ ಎಂದೂ ಅಡ್ಡಿ ಅನ್ನಿಸಲಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಜೋಸೆಫ್ ಸ್ಮಿತ್ ಈ ಮಾರ್ಮನ್ ಚರ್ಚನ್ನು ನ್ಯೂಯಾರ್ಕ್ ರಾಜ್ಯದಲ್ಲಿ 1830ರಲ್ಲಿ ಶುರು ಮಾಡಿದರು. ಹೋದ ಕಡೆಯೆಲ್ಲ ಜಗಳ, ಓಡಿಸುವಿಕೆ. 1844ರಲ್ಲಿ ಇಲಿನಾಯ್‌ನ ಜೈಲೊಂದಕ್ಕೆ ಗುಂಪು ನುಗ್ಗಿ ಅವರನ್ನು ಕೊಂದಿತು. ಎರಡು ವರ್ಷದ ನಂತರ ಅನುಯಾಯಿಗಳು ಪಶ್ಚಿಮಕ್ಕೆ ಹೊರಟರು. ಅವರ ಮುಂದಾಳು ಬ್ರಿಗಂ ಯಂಗ್ ಸಾಲ್ಟ್ ಲೇಕ್ ಕಣಿವೆಗೆ ಕಾಲಿಟ್ಟದ್ದು 1847ರ ಜುಲೈ 24. ಇವತ್ತಿಗೂ ಆ ದಿನ ಯೂಟಾದಲ್ಲಿ ಪಯನಿಯರ್ ದಿನ, ಸರ್ಕಾರಿ ರಜೆ. 1869ರಲ್ಲಿ ರೈಲು ಬರುವವರೆಗೆ ಸುಮಾರು 70 ಸಾವಿರ ಜನ ಎತ್ತಿನ ಗಾಡಿಯಲ್ಲಿ, ಕಾಲ್ನಡಿಗೆಯಲ್ಲಿ, ಕೈಗಾಡಿ ಎಳೆದುಕೊಂಡು ಬಂದರು.

ಕೈಗಾಡಿ ಎಂದರೆ ಇಲ್ಲಿಯವರ ಕಣ್ಣು ಒದ್ದೆಯಾಗುತ್ತದೆ. 1856ರಲ್ಲಿ ತಡವಾಗಿ ಹೊರಟ ಎರಡು ತಂಡಗಳು ವಯೋಮಿಂಗ್‌ನ ಹಿಮದಲ್ಲಿ ಸಿಕ್ಕಿಕೊಂಡು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ನೋವು ದೊಡ್ಡದು. ಆದರೆ ಕೈಗಾಡಿ ತಂಡಗಳು ಇದ್ದದ್ದೇ ಹತ್ತು, 1856ರಿಂದ 1860ರವರೆಗೆ ಮಾತ್ರ. ಬಂದವರು ಸುಮಾರು 3,000. ಒಟ್ಟು ಲೆಕ್ಕದಲ್ಲಿ ನೂರಕ್ಕೆ ಐದು ಜನವೂ ಇಲ್ಲ. ಆದರೂ ಯಾವ ಮನೆಗೆ ಹೋದರೂ ಒಬ್ಬ ಕೈಗಾಡಿ ಪೂರ್ವಜರ ಕಥೆ ಇರುತ್ತದೆ. ನಮ್ಮ ಮನೆಯಲ್ಲೂ ಇತ್ತು. ಅಜ್ಜಿಯ ಅಜ್ಜಿ, ಮನೆಯವರೆಲ್ಲ ಡೇನಿಶ್ ಭಾಷೆಯಲ್ಲಿ 'ಬೆಸ್ಟೆಮೋರ್' ಎಂದು ಕರೆಯುತ್ತಿದ್ದ ಆಕೆ, 9 ವರ್ಷದ ಹುಡುಗಿಯಾಗಿದ್ದಾಗ ಕೈಗಾಡಿ ತಳ್ಳಿಕೊಂಡು ಬಂದಳು ಎನ್ನುವ ಕಥೆ.

ಮೊದಮೊದಲು ರೆಕಾರ್ಡ್ ಮಾಡಿಕೊಂಡದ್ದರಲ್ಲಿ ಜೀವ ಇರಲಿಲ್ಲ. ಅಜ್ಜಿ ಚರ್ಚಿನಲ್ಲಿ, ಪಯನಿಯರ್ ದಿನದ ಸಭೆಗಳಲ್ಲಿ ಎಷ್ಟೋ ಸಲ ಹೇಳಿದ್ದನ್ನೇ ಹೇಳುತ್ತಿದ್ದರು. ವಾಕ್ಯಗಳು ಸವೆದು ನುಣುಪಾಗಿದ್ದವು. ಒಂದು ಬೆಳಿಗ್ಗೆ ಪೆನ್ಸಿಲ್, ಕಾಗದ ಮುಂದಿಟ್ಟು "ನೀವು ಹುಟ್ಟಿದ ಮನೆಯ ನಕ್ಷೆ ಬರೆಯಿರಿ" ಅಂದೆ. ಅವರು ಮೊದಲು ಬರೆದದ್ದು ಮನೆಯನ್ನಲ್ಲ. ಬೀದಿಯ ಪಕ್ಕದ ಕಾಲುವೆಯನ್ನು. ಆಮೇಲೆ ಆ ಕಾಲುವೆಯಿಂದ ತೋಟಕ್ಕೆ ತಿರುಗುವ ತೂಬು. ಆಮೇಲೆ ಹಸಿ ಇಟ್ಟಿಗೆಯ ಮನೆ, ಕಲ್ಲಿದ್ದಲಿನ ಒಲೆ, ಬೆಸ್ಟೆಮೋರ್ ಮಲಗುತ್ತಿದ್ದ ಉತ್ತರದ ಕೋಣೆ, ಅದರ ಮೇಲೆ ಅಟ್ಟ. ಯಾರಾದರೂ ಹಿರಿಯರ ಕಥೆ ಬರೆದುಕೊಳ್ಳಬೇಕು ಎಂದಿದ್ದರೆ ಇದನ್ನು ಖಂಡಿತ ಮಾಡಿ ನೋಡಿ. "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಅಂದರೆ ಭಾಷಣ ಬರುತ್ತದೆ. "ಒಲೆ ಯಾವ ಕಡೆ ಇತ್ತು?" ಅಂದರೆ ಮನೆಯವರೆಲ್ಲ ಎದ್ದು ಬರುತ್ತಾರೆ.

ಕಾಲುವೆ ಯಾಕೆ ಮೊದಲು ಬಂತು ಅಂತ ಕೇಳಿದೆ. ಅಲ್ಲಿ ಮಳೆ ತೀರಾ ಕಡಿಮೆ. ಬೆಟ್ಟದ ಹಿಮ ಕರಗಿ ಬರುವ ಹಳ್ಳದ ನೀರೇ ಗತಿ. ಪಯನಿಯರ್‌ಗಳು ಬಂದವರೇ ಮೊದಲು ಕಾಲುವೆ ತೋಡಿದರು. ಮನೆಮನೆಗೂ ಪಾಲು, ಪಾಲಿಗೆ ತಕ್ಕ ಹಾಗೆ ಸರದಿ. ನಮ್ಮ ಹಳ್ಳಿಯ ನೀರುಗಂಟಿಯ ಹಾಗೆ ಅಲ್ಲೂ ಒಬ್ಬ ಇರುತ್ತಿದ್ದ. ಅವನು ಬರೆದುಕೊಟ್ಟ ಚೀಟಿಯಲ್ಲಿ ನಿಮ್ಮ ಸರದಿ ರಾತ್ರಿ 2 ಗಂಟೆ 40 ನಿಮಿಷಕ್ಕೆ ಅಂತ ಇದ್ದರೆ ಆ ಹೊತ್ತಿಗೆ ಏಳಲೇಬೇಕು. ಅಜ್ಜಿಯ ಅಪ್ಪ ಬೇಸಿಗೆಯೆಲ್ಲ ಕುರಿ ಮಂದೆಯ ಜೊತೆ ಬೆಟ್ಟದ ಮೇಲೆ. ಹಾಗಾಗಿ ಸಲಿಕೆ ಹಿಡಿದು ನೀರು ಕಟ್ಟಲು ಹೋಗುತ್ತಿದ್ದವರು ಅಮ್ಮ ಮತ್ತು ಈ ಹುಡುಗಿ. ಲಾಟೀನು ಹಿಡಿಯುವುದು ಅವಳ ಕೆಲಸ. ತೂಬಿಗೆ ಅಡ್ಡ ಹಾಕಿದ ಕ್ಯಾನ್ವಾಸ್ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ಎತ್ತಿ ಪಕ್ಕದ ಮನೆಯವರಿಗೆ ನೀರು ಬಿಡುವುದೂ ಅವಳದೇ ಕೆಲಸ. 1934ರ ಬರದಲ್ಲಿ ಅವರಿಗೆ 7 ವರ್ಷ. ಒಂದು ರಾತ್ರಿ ಅಮ್ಮ ಪಕ್ಕದವರ ಸರದಿಯ ಐದು ನಿಮಿಷ ಮುಂಚೆಯೇ ನೀರು ಬಿಟ್ಟುಕೊಟ್ಟರಂತೆ. ಆ ಮನೆಯಲ್ಲಿ ಮಕ್ಕಳು ಜಾಸ್ತಿ ಇದ್ದರು. "ನಮ್ಮ ಬೀನ್ಸ್ ಕೊನೆ ಸಾಲು ಒಣಗಿಹೋಯ್ತು. ಅಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ" ಅಂದರು ಅಜ್ಜಿ. ಪಯನಿಯರ್ ಕಥೆ ಎಂದರೆ ನಡೆದು ಬಂದ ಕಥೆ ಅಂತ ಎಲ್ಲರೂ ಹೇಳುತ್ತಾರೆ. ಬಂದು ಮುಟ್ಟಿದ ಮೇಲೆ ಎಂಬತ್ತು ವರ್ಷ ಹೀಗೆ ರಾತ್ರಿ ಎದ್ದು ನೀರು ಕಟ್ಟಿದ್ದೇ ಅದಕ್ಕಿಂತ ದೊಡ್ಡ ಕಥೆ ಅಂತ ನನಗೆ ಅನ್ನಿಸುತ್ತದೆ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ.

ಹಗಲಿನಲ್ಲಿ ಹೇಳಿದ್ದನ್ನು ಅದೇ ರಾತ್ರಿ ಟೈಪ್ ಮಾಡುತ್ತಿದ್ದೆ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಮುಂದಿನ ಸಲ ಹೋದಾಗ ಓದಿ ಹೇಳುತ್ತಿದ್ದೆ. ಅಲ್ಲೇ ಅವರು ತಿದ್ದುತ್ತಿದ್ದರು. ತಿದ್ದುವಾಗ ಹೊಸದು ಹೊರಬರುತ್ತಿತ್ತು. ತಿಂಗಳ ಮೊದಲ ಭಾನುವಾರದ ಉಪವಾಸ, ಉಳಿಸಿದ ಊಟದ ದುಡ್ಡನ್ನು ಬಡವರಿಗೆ ಕೊಡುವುದು, ನೆಲಮಾಳಿಗೆಯಲ್ಲಿ ವರ್ಷಕ್ಕಾಗುವಷ್ಟು ಪೀಚ್, ಟೊಮೆಟೊ, ಬೀನ್ಸ್ ಬಾಟಲಿಗಳು, ಪ್ರತಿಯೊಂದರ ಮೇಲೂ ವರ್ಷ. ಚರ್ಚಿನ ಹೆಂಗಸರ ಸಂಘ, ರಿಲೀಫ್ ಸೊಸೈಟಿ, 1876ರಿಂದ ಗೋಧಿ ಕೂಡಿಡುತ್ತಿತ್ತು. 1918ರಲ್ಲಿ ಅಮೆರಿಕ ಸರ್ಕಾರ ಯುದ್ಧಕಾಲಕ್ಕೆ ಬೇಕೆಂದು ಕೇಳಿದಾಗ ಎರಡು ಲಕ್ಷ ಬುಶೆಲ್‌ಗೂ (ಒಂದು ಬುಶೆಲ್ ಗೋಧಿ ಅಂದರೆ ಸುಮಾರು 27 ಕಿಲೋ) ಹೆಚ್ಚು ಗೋಧಿ ಅವರ ಹತ್ತಿರ ಇತ್ತು. ಪಕ್ಕದ ಮ್ಯಾಂಟೈ ಊರಿನ ದೇವಾಲಯ 1877ರಿಂದ 1888ರವರೆಗೆ ಕಟ್ಟುವಾಗ ಸ್ಯಾನ್‌ಪೀಟ್ ಹೆಂಗಸರು ಭಾನುವಾರ ಕೋಳಿ ಇಟ್ಟ ಮೊಟ್ಟೆಗಳನ್ನೆಲ್ಲ ಆ ಕೆಲಸಕ್ಕೆ ಕೊಟ್ಟರು. ಬೆಸ್ಟೆಮೋರ್ ದೇವಾಲಯ ಮುಗಿದ ಮೇಲೂ ಭಾನುವಾರದ ಮೊಟ್ಟೆ ತಿನ್ನುತ್ತಿರಲಿಲ್ಲವಂತೆ. ಆದರೆ ಚರ್ಚು ಬೇಡ ಅಂದರೂ ಕಾಫಿ ಮಾತ್ರ ಬಿಡಲಿಲ್ಲ. ಡೆನ್ಮಾರ್ಕಿನವರು, ಹೇಗೆ ಬಿಟ್ಟಾರು!

ಅಟ್ಟದ ಬಗ್ಗೆ ಕೇಳಿದಾಗ ನನಗೆ ನಂಬಲಾಗದ ಒಂದು ಸಂಗತಿ ಬಂತು. ಬೆಸ್ಟೆಮೋರ್ ಆ ಅಟ್ಟದಲ್ಲಿ ರೇಷ್ಮೆ ಹುಳು ಸಾಕಿದ್ದಳು! ಬ್ರಿಗಂ ಯಂಗ್ ಹೊರಗಿನ ಬಟ್ಟೆ ಕೊಳ್ಳಬಾರದು ಅಂತ ಹಠ ಹಿಡಿದವರು. ಹಿಪ್ಪುನೇರಳೆ ಗಿಡ ತರಿಸಿ ನೆಡಿಸಿದರು. 1875ರಲ್ಲಿ ಡೆಸೆರೆಟ್ ಸಿಲ್ಕ್ ಅಸೋಸಿಯೇಷನ್ ಶುರುವಾಯಿತು. ಅದರ ಅಧ್ಯಕ್ಷೆ ಜೈನಾ ಯಂಗ್ ಅವರಿಗೆ ಹುಳು ಕಂಡರೇ ಭಯ, ಆದರೂ ಸಾಕಿದರು. ಊರೂರಿನ ಹೆಂಗಸರು ಮನೆಯೊಳಗೆ ಹುಳು ಸಾಕಿದರು. 1900ರಲ್ಲಿ, ಹೆಂಗಸರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಬಿ. ಆಂಥನಿ ಅವರ 80ನೇ ಹುಟ್ಟುಹಬ್ಬಕ್ಕೆ ಯೂಟಾ ಹೆಂಗಸರು ತಮ್ಮದೇ ರೇಷ್ಮೆಯ ಕಪ್ಪು ಬಟ್ಟೆ ನೇಯ್ದು ಕಳಿಸಿದರು. ಲಾಭ ಆಗಲಿಲ್ಲ, ಕೆಲವೇ ವರ್ಷದಲ್ಲಿ ಎಲ್ಲ ನಿಂತುಹೋಯಿತು.

ನಾನು ಹುಳದ ಮನೆಯಲ್ಲೇ ಬೆಳೆದವಳು. ಅಮ್ಮ ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುತ್ತಿದ್ದಳು. ಅಜ್ಜಿ ಬೆಸ್ಟೆಮೋರ್‌ನಿಂದ ಕೇಳಿದ್ದನ್ನು ಹೇಳುತ್ತಾ ಹೋದ ಹಾಗೆ ನಾನು ನಡುನಡುವೆ ಪೂರ್ತಿ ಮಾಡುತ್ತಾ ಹೋದೆ. ಹುಳು ಎರಡು ಮೂರು ದಿನಕ್ಕೆ ತಲೆ ಎತ್ತಿ ಸುಮ್ನೆ ನಿಂತುಬಿಡುತ್ತಿತ್ತು ಅಂದರು. ಪೊರೆ ಬಿಡುವ ಮುಂಚೆ ಹಾಗೆ ನಿಲ್ಲುತ್ತದೆ, ನಾವು ಅದನ್ನು ಜ್ವರಕ್ಕೆ ಕೂತಿದೆ ಅನ್ನುತ್ತೇವೆ, ನಾಲ್ಕು ಜ್ವರ ದಾಟಬೇಕು ಅಂದೆ. ಕೊನೆಯ ವಾರ ರಾತ್ರಿಯೂ ಸೊಪ್ಪು ಹಾಕಬೇಕಿತ್ತು, ಕೆಳಗೆ ಮಲಗಿದ್ದ ಮಕ್ಕಳಿಗೆ ಅವು ತಿನ್ನುವ ಸದ್ದು ಕೇಳುತ್ತಿತ್ತು ಅಂದರು. ಆ ಸದ್ದಿನಲ್ಲೇ ನಾನು ನಿದ್ದೆ ಮಾಡಿದ್ದೇನೆ ಅಂದೆ. ಹುಳು ಹಣ್ಣಾದ ಮೇಲೆ ಗೂಡು ಕಟ್ಟಲು ಏನು ಇಡುತ್ತಿದ್ದರು ಅಂತ ಕೇಳಿದೆ. "ಒಣಗಿದ ಕಡ್ಡಿ ಪೊದೆ" ಅಂದರು. ನಮ್ಮ ಬಿದಿರಿನ ಚಂದ್ರಿಕೆಯ ಫೋಟೋ ತೋರಿಸಿದೆ. ಅಜ್ಜಿ ಫೋನನ್ನು ಕಣ್ಣಿನ ಹತ್ತಿರ ಹಿಡಿದು, ಸುತ್ತುಗಳನ್ನು ಬೆರಳಿನಲ್ಲಿ ಎಣಿಸುತ್ತಾ, ಬಹಳ ಹೊತ್ತು ನೋಡಿದರು. "ಅವಳಿಗೆ ಇದನ್ನು ಯಾರಾದರೂ ತೋರಿಸಿದ್ದರೆ!" ಅಂದರು. ಆ ಬೆಳಿಗ್ಗೆಯಿಂದ ನಮ್ಮಿಬ್ಬರ ನಡುವೆ ಮಾತು ಬೇರೆಯೇ ಆಯಿತು.

ಹೇಳಿದ್ದನ್ನು ದಾಖಲೆಯ ಜೊತೆ ಹೋಲಿಸುವ ಕೆಲಸ ಬೇರೆ ನಡೆಯುತ್ತಿತ್ತು. ಸಾಲ್ಟ್ ಲೇಕ್ ಸಿಟಿಯ ಫ್ಯಾಮಿಲಿಸರ್ಚ್ ಲೈಬ್ರರಿಗೆ ಯಾವ ಧರ್ಮದವರು ಬೇಕಾದರೂ ಹೋಗಬಹುದು, ಒಂದು ಪೈಸೆ ಕೊಡಬೇಕಿಲ್ಲ. ಚರ್ಚಿನವರು ಪಯನಿಯರ್ ತಂಡಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲೂ ಇಟ್ಟಿದ್ದಾರೆ. ಡೆನ್ಮಾರ್ಕಿನ ಚರ್ಚ್ ಪುಸ್ತಕಗಳೂ ಉಚಿತ. ಕಷ್ಟ ಇದ್ದದ್ದು ಹೆಸರಿನಲ್ಲಿ. ಆ ಕಾಲದ ಹಳ್ಳಿಗಳಲ್ಲಿ ಯೆನ್ಸ್ ಎಂಬವನ ಮಗ ಯೆನ್ಸನ್, ಮಗಳು ಯೆನ್ಸ್‌ಡಾಟರ್. ತಲೆಮಾರಿಗೊಂದು ಅಡ್ಡಹೆಸರು. ಅಪ್ಪನ ಹೆಸರನ್ನೇ ಇನಿಶಿಯಲ್ ಮಾಡಿಕೊಂಡ ನಮ್ಮಂಥವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ಕೈಬರಹ ಮಾತ್ರ ಹಳೆಯ ಗಾಥಿಕ್ ಶೈಲಿ. ಲೈಬ್ರರಿಯಲ್ಲಿ ಸೇವೆ ಮಾಡುವ ಒಬ್ಬ ಹಿರಿಯರು ಪಕ್ಕದಲ್ಲಿ ಕೂತು ಅಕ್ಷರ ಅಕ್ಷರ ಓದಿಸಿದರು. ಬೆಸ್ಟೆಮೋರ್‌ಳ ತಾಯಿಗೆ ಸಿಡುಬಿನ ಲಸಿಕೆ ಹಾಕಿಸಿದ ದಿನ ಸಹ ಅಲ್ಲಿ ಬರೆದಿತ್ತು.

ಬೆಸ್ಟೆಮೋರ್ ಹುಟ್ಟಿದ್ದು 1853, ಹೊರಟದ್ದು 1862ರ ವಸಂತದಲ್ಲಿ, ಹ್ಯಾಂಬರ್ಗ್‌ನಿಂದ. ಆ ವರ್ಷ ಸ್ಕ್ಯಾಂಡಿನೇವಿಯಾದ ಮಾರ್ಮನ್ನರನ್ನು ಹೊತ್ತ ಹಡಗುಗಳಲ್ಲಿ ದಡಾರ ಬಂದು ಎಷ್ಟೋ ಮಕ್ಕಳು ಸಮುದ್ರದಲ್ಲೇ ಸತ್ತರು. ನೆಬ್ರಾಸ್ಕಾದ ಫ್ಲಾರೆನ್ಸ್‌ನಿಂದ ಮುಂದೆ ಅವಳ ಕುಟುಂಬ ಬಂದದ್ದು ಎತ್ತಿನ ಗಾಡಿಯ ತಂಡದಲ್ಲಿ. 1861ರಿಂದ 1868ರವರೆಗೆ ಯೂಟಾದವರೇ ಗಾಡಿ ಎತ್ತು ಕಳಿಸಿ ಹೊಸಬರನ್ನು ಕರೆಸಿಕೊಳ್ಳುತ್ತಿದ್ದರು. ಅಲ್ಲಿಗೆ ಕೈಗಾಡಿ ಕಾಲ ಮುಗಿದಿತ್ತು. ಇದನ್ನು ಹೇಳಲು ನನಗೆ ಹಿಂಜರಿಕೆ ಇತ್ತು. ಅಜ್ಜಿ ಕೇಳಿಸಿಕೊಂಡು, "ಗಾಡಿಯಲ್ಲಿ ಕೂತು ಬಂದಳಾ?" ಅಂದರು. ಇಲ್ಲ, ಗಾಡಿಯಲ್ಲಿ ಸಾಮಾನು, ಕಾಯಿಲೆಯವರು. ಆ ವಯಸ್ಸಿನ ಮಕ್ಕಳು ಪಕ್ಕದಲ್ಲಿ ನಡೆಯಬೇಕಿತ್ತು. "ಹಾಗಾದರೆ ಹಾಗೇ ಬರಿ" ಅಂದರು.

1900ರ ಜನಗಣತಿಯ ಒಂದು ಹಾಳೆ ನಮ್ಮನ್ನು ಹಿಡಿದು ನಿಲ್ಲಿಸಿತು. ಆ ಗಣತಿಯಲ್ಲಿ ಹೆಂಗಸರಿಗೆ ಮಾತ್ರ ಎರಡು ಕಾಲಂ ಇವೆ: ಎಷ್ಟು ಮಕ್ಕಳ ತಾಯಿ, ಅದರಲ್ಲಿ ಎಷ್ಟು ಬದುಕಿವೆ. ಬೆಸ್ಟೆಮೋರ್‌ಳ ಸಾಲಿನಲ್ಲಿ 9, ಆಮೇಲೆ 5 ಅಂತ ಇತ್ತು. ಅಜ್ಜಿಗೆ ಗೊತ್ತಿದ್ದದ್ದು ಏಳು ಮಕ್ಕಳು ಮಾತ್ರ. ಐದು ಉಳಿದವು, ಎರಡು ಡಿಫ್ತೀರಿಯಾದಲ್ಲಿ ಹೋದವು. ಇನ್ನೆರಡು ಯಾವುವು? 1890ರ ಗಣತಿಯ ಹಾಳೆಗಳು ವಾಷಿಂಗ್‌ಟನ್‌ನ ಬೆಂಕಿಯಲ್ಲಿ ಹಾಳಾಗಿ ಹೋಗಿವೆ. ಅಲ್ಲಿ ನೋಡುವ ಹಾಗಿಲ್ಲ.

ಅಜ್ಜಿ ರೆಕಾರ್ಡರ್ ಆಫ್ ಮಾಡು ಅಂದರು. ಮಾಡಿದೆ. ಅವತ್ತು ಬೇರೆ ಏನೂ ಹೇಳಲಿಲ್ಲ. ಕೆಲವು ವಾರ ಕಳೆದ ಮೇಲೆ, ನಾನು ಕೇಳದೇ ಇದ್ದರೂ, "ಈಗ ಆನ್ ಮಾಡು" ಅಂದರು.

ಬೆಸ್ಟೆಮೋರ್ ಎರಡನೇ ಹೆಂಡತಿ. ಚರ್ಚು ಬಹುಪತ್ನಿತ್ವವನ್ನು 1852ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತ್ತು. ಅವಳು 1873ರಲ್ಲಿ, 20ರ ವಯಸ್ಸಿನಲ್ಲಿ ಮದುವೆಯಾದಳು. ಮೊದಲ ಹೆಂಡತಿಯ ಮನೆ ಬೇರೆ, ಇವಳ ಮನೆ ಬೇರೆ, ಗಂಡ ಒಂದು ವಾರ ಅಲ್ಲಿ ಒಂದು ವಾರ ಇಲ್ಲಿ. 1882ರ ಎಡ್ಮಂಡ್ಸ್ ಕಾಯ್ದೆ ಬಂತು. ಒಬ್ಬರಿಗಿಂತ ಹೆಚ್ಚು ಹೆಂಡತಿಯರ ಜೊತೆ ಸಂಸಾರ ಮಾಡಿದರೆ ಆರು ತಿಂಗಳವರೆಗೆ ಜೈಲು, 300 ಡಾಲರ್‌ವರೆಗೆ ದಂಡ. ಕೇಂದ್ರ ಸರ್ಕಾರದ ಪೊಲೀಸರಾದ ಮಾರ್ಷಲ್‌ಗಳು ರಾತ್ರಿ ಬಂದು ಮನೆ ಹುಡುಕುತ್ತಿದ್ದರು. ಎರಡನೇ ಹೆಂಡತಿಯ ಕೈಯಲ್ಲಿ ಎಳೆಗೂಸು ಇದ್ದರೆ ಅದೇ ಸಾಕ್ಷಿ. ಹಾಗಾಗಿ ಹೆಂಗಸರನ್ನು ದೂರದ ಊರುಗಳಿಗೆ ಸಾಗಿಸುತ್ತಿದ್ದರು. ಇವಳನ್ನು ಕೊಲರಾಡೋದ ಮನಾಸ್ಸಾಗೆ ಕಳಿಸಿದರು. ಅಲ್ಲಿ ಬೇರೆ ಅಡ್ಡಹೆಸರು. ಅಪ್ಪನ ಹೆಸರು ಯಾರಾದರೂ ಕೇಳಿದರೆ ಗೊತ್ತಿಲ್ಲ ಅನ್ನಬೇಕು ಅಂತ ಮಕ್ಕಳಿಗೆ ಕಲಿಸಿದಳು. ಅಜ್ಜಿಯ ಅಪ್ಪ 1889ರಲ್ಲಿ ಹುಟ್ಟಿದ್ದು ಅಲ್ಲೇ, ಆ ಸುಳ್ಳು ಹೆಸರಿನಲ್ಲೇ. 1890ರಲ್ಲಿ ಚರ್ಚಿನ ಅಧ್ಯಕ್ಷ ವಿಲ್ಫರ್ಡ್ ವುಡ್‌ರಫ್ ಇಂಥ ಮದುವೆಗಳನ್ನು ನಿಲ್ಲಿಸುವ ಪ್ರಕಟಣೆ ಹೊರಡಿಸಿದರು. ಆಮೇಲೆ ಅವಳು ಈಫ್ರಮ್‌ಗೆ ವಾಪಸ್ ಬಂದಳು.

ಇದನ್ನೆಲ್ಲ ಬೆಸ್ಟೆಮೋರ್ ಈ ಮೊಮ್ಮಗಳಿಗೆ ಹೇಳಿದ್ದು ಕೌದಿ ಹೊಲಿಯುವಾಗ. ಆಗ ಅಜ್ಜಿಗೆ ಹತ್ತು ವರ್ಷ. ಮುಂದಿನ ವರ್ಷ, 1938ರಲ್ಲಿ, ಬೆಸ್ಟೆಮೋರ್ ತೀರಿಕೊಂಡಳು. ಎಂಬತ್ತು ವರ್ಷ ಈ ಮಾತು ಅಜ್ಜಿಯ ಬಾಯಿಂದ ಹೊರಬಂದಿರಲಿಲ್ಲ. "ಅವಳು ಒಪ್ಪಿಯೇ ಮದುವೆಯಾದಳು. ಒಪ್ಪಿದ್ದಕ್ಕೆ ಅತ್ತಳು ಕೂಡ. ಎರಡನ್ನೂ ಬರಿ" ಅಂದರು. ನನಗೆ ಆ ಪದ್ಧತಿ ಒಪ್ಪಿಗೆಯಾಗುವುದಿಲ್ಲ. ಹೆಂಗಸಿನ ಮೇಲೆ ಅದು ಹೊರಿಸಿದ ಭಾರ ಆ ಗಣತಿ ಹಾಳೆಯಲ್ಲೇ ಇದೆ. ಆದರೆ ಅವಳನ್ನು ಬರೀ ಪಾಪದ ಹೆಂಗಸು ಅಂತ ಬರೆಯಲೂ ಆಗುವುದಿಲ್ಲ. ಯೂಟಾದಲ್ಲಿ ಹೆಂಗಸರಿಗೆ 1870ರಲ್ಲೇ ಮತದಾನದ ಹಕ್ಕು ಬಂದಿತ್ತು. 21 ತುಂಬಿದ ಮೇಲೆ ಅವಳು ಮತ ಹಾಕಿದಳು. 1887ರಲ್ಲಿ ಕೇಂದ್ರ ಸರ್ಕಾರ ಇನ್ನೊಂದು ಬಹುಪತ್ನಿತ್ವ ವಿರೋಧಿ ಕಾಯ್ದೆ ತಂದು, ಹೆಂಗಸರೆಲ್ಲರ ಆ ಹಕ್ಕನ್ನೂ ಕಿತ್ತುಕೊಂಡಿತು. 1896ರಲ್ಲಿ ಯೂಟಾ ರಾಜ್ಯವಾದಾಗ ವಾಪಸ್ ಬಂತು. ಆ ವರ್ಷ ಮತ ಹಾಕಲು ಅವಳು ತನ್ನ ಹೊಸ ಟೋಪಿ ಹಾಕಿಕೊಂಡು ಹೋದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ. ಯಾಕೆ ಅಷ್ಟು ಸಡಗರ ಅಂತ ಈಗ ತಿಳಿಯಿತು.

ಸುಳ್ಳು ಅಡ್ಡಹೆಸರು ಕೈಗೆ ಸಿಕ್ಕಿದ್ದರಿಂದ ಹುಡುಕಾಟಕ್ಕೆ ದಾರಿ ಆಯಿತು. ಮನಾಸ್ಸಾದ ಸ್ಮಶಾನದ ಹಳೆಯ ಪಟ್ಟಿಯಲ್ಲಿ ಆ ಹೆಸರಿನಲ್ಲಿ 1887ರ ಒಂದು ನಮೂದು ಸಿಕ್ಕಿತು: ಗಂಡು ಮಗು, ಅಷ್ಟೇ. "ಹೆಸರಿಲ್ವಾ?" ಅಂದರು ಅಜ್ಜಿ. ಇಲ್ಲ. "ಗಂಡು ಮಗು ಅಂತಲೇ ಹಾಕು. ಅಪ್ಪನಿಗೆ ಒಬ್ಬ ಅಣ್ಣ ಇದ್ದ ಅಂತ ಗೊತ್ತಾಗಲಿ."

ಇನ್ನೊಂದು ವಿಷಯಕ್ಕೆ ನಾನೇ ಹಠ ಮಾಡಿದೆ. ಸ್ಯಾನ್‌ಪೀಟ್ ಕಣಿವೆ ಖಾಲಿ ಇರಲಿಲ್ಲ. ಅದು ಯೂಟ್ ಎಂಬ ಮೂಲನಿವಾಸಿ ಜನರ ನೆಲ. 1849ರಲ್ಲಿ ಮೊದಲ ಮಾರ್ಮನ್ನರು ಬಂದದ್ದು ಯೂಟ್ ಮುಖಂಡ ವಾಕಾರಾ ಕರೆದದ್ದಕ್ಕೆ. ಆಮೇಲೆ ದಡಾರ ಬಂತು, ಬೇಟೆಯ ಜಾಗ ಹೊಲವಾಯಿತು, ಹಸಿವು ಬಂತು. 1865ರಿಂದ 1872ರವರೆಗೆ ನಡೆದ ಜಗಳಕ್ಕೆ ಬ್ಲ್ಯಾಕ್ ಹಾಕ್ ಯುದ್ಧ ಅಂತ ಹೆಸರು. ಕೊನೆಗೆ ಯೂಟ್ ಜನರನ್ನು ದೂರದ ಯುಇಂಟಾ ಮೀಸಲು ಪ್ರದೇಶಕ್ಕೆ ಕಳಿಸಿದರು. ಅಜ್ಜಿಗೆ ಗೊತ್ತಿದ್ದದ್ದು ಬಾಗಿಲಿಗೆ ಬಂದವರಿಗೆ ಬ್ರೆಡ್ ಕೊಟ್ಟ ಕಥೆ ಮಾತ್ರ. ಉಳಿದದ್ದನ್ನು ನಾನು ಓದಿ ಹೇಳಿದಾಗ ಬಹಳ ಬೇಸರಪಟ್ಟರು. ಆ ಪುಟವನ್ನು ಕಾಲುವೆಯ ಅಧ್ಯಾಯಕ್ಕಿಂತ ಮುಂಚೆ ಇಡಲು ಅವರೇ ಹೇಳಿದರು.

ಕರಡನ್ನು ನೆಂಟರಿಗೆ ಕಳಿಸಿದಾಗ ತಕರಾರು ಬಂತು. ಎರಡನೇ ಹೆಂಡತಿಯ ಭಾಗ ತೆಗೆಯಿರಿ, ಮಕ್ಕಳು ಓದುತ್ತಾರೆ ಅಂತ ಕೆಲವರು. ಕೈಗಾಡಿ ಇರಲಿ ಬಿಡಿ, ಅದರಿಂದ ಯಾರಿಗೇನು ನಷ್ಟ ಅಂತ ಇನ್ನು ಕೆಲವರು. ಅಜ್ಜಿ ಎಲ್ಲರಿಗೂ ಒಂದೇ ಪತ್ರ ಬರೆಸಿದರು. ಇದು ನನ್ನ ಪುಸ್ತಕ, ನಿಮಗೆ ಬೇರೆ ಥರ ಬೇಕಿದ್ದರೆ ನಿಮ್ಮದನ್ನು ನೀವು ಬರೆಯಿರಿ, ನಾನು ಖುಷಿಯಿಂದ ಓದುತ್ತೇನೆ ಅಂತ. ಆಮೇಲೆ ಯಾರೂ ಮಾತಾಡಲಿಲ್ಲ. ಅಚ್ಚಾದ ಪುಸ್ತಕವನ್ನು ಅವರು ಕೈಯಲ್ಲಿ ಹಿಡಿದು ನೋಡಿದರು. ಮುಂದಿನ ವರ್ಷ ತೀರಿಕೊಂಡರು. ಒಂದು ಪ್ರತಿ ಫ್ಯಾಮಿಲಿಸರ್ಚ್ ಲೈಬ್ರರಿಗೆ ಕೊಟ್ಟಿದ್ದೇವೆ, ಒಂದು ನನ್ನ ಅಮ್ಮನ ಹತ್ತಿರ ಇದೆ. ರೇಷ್ಮೆಯ ಅಧ್ಯಾಯವನ್ನು ಅಮ್ಮನಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಿದೆ. ಅಷ್ಟು ಚಳಿಯಲ್ಲಿ ಹುಳು ಹೇಗೆ ಉಳಿಸಿದಳು ಅಂತ ಅವಳಿಗೆ ಇನ್ನೂ ಆಶ್ಚರ್ಯ.

ಒಂಬತ್ತನೇ ಮಗು ಮಾತ್ರ ಸಿಕ್ಕಿಲ್ಲ. ಅದು ಮನಾಸ್ಸಾಗೆ ಹೋಗುವ ಮುಂಚೆ ಈಫ್ರಮ್‌ನಲ್ಲೇ ಹುಟ್ಟಿರಬೇಕು ಅನ್ನುವುದು ನಮ್ಮ ಲೆಕ್ಕ. ಹುಟ್ಟಿದ ಮಕ್ಕಳನ್ನು ಚರ್ಚಿನಲ್ಲಿ ಹರಸಿ ಹೆಸರಿಡುವ ಪದ್ಧತಿ ಇದೆ, ಅದನ್ನು ವಾರ್ಡಿನ, ಅಂದರೆ ಊರಿನ ಚರ್ಚ್ ಸಭೆಯ, ಪುಸ್ತಕದಲ್ಲಿ ಬರೆಯುತ್ತಾರೆ. ನಾನು ಮತ್ತು ನನ್ನ ಗಂಡನ ಸೋದರತ್ತೆ ಒಬ್ಬರು ಸೇರಿ 1874ರಿಂದ ಆ ಪುಸ್ತಕದ ಪುಟಗಳನ್ನು ಓದಿಕೊಂಡು ಬರುತ್ತಿದ್ದೇವೆ. ಸದ್ಯ 1879ರಲ್ಲಿದ್ದೇವೆ.